2000 ವ್ಯಾಟ್ ಅಂತ ಬರೆದಿದ್ದನ್ನ ನಂಬಿ ಕೆಟ್ಟೆ

ಮೊದಲೇ ಹೇಳಿಬಿಡ್ತೇನೆ, ತಪ್ಪು ನನ್ನದೂ ಇದೆ. ಆದರೂ ಸಿಟ್ಟು ಇಳಿದಿಲ್ಲ.

ಬಿಟ್‌ಕಾಯಿನ್ ಗಳಿಸೋಕೆ ಲೆಕ್ಕ ಹಾಕೋ ಮಷೀನ್, ಹಳೇ ಆಂಟ್‌ಮೈನರ್ ಎಸ್9 ಒಂದು ಅಗ್ಗಕ್ಕೆ ಸಿಕ್ಕಿತ್ತು. ಈಗ ಅದರಿಂದ ಬರೋ ಬಿಟ್‌ಕಾಯಿನ್ ಕರೆಂಟ್ ಬಿಲ್ಲಿಗೂ ಸಾಲದು, ಗೊತ್ತಿದೆ. ಸುಮ್ನೆ ಕಲಿಯೋಕೆ ತಗೊಂಡೆ. ಪವರ್ ಸಪ್ಲೈ, ಅಂದ್ರೆ ಮನೆ ಕರೆಂಟನ್ನ 12 ವೋಲ್ಟಿಗೆ ಇಳಿಸಿ ಕೊಡೋ ಡಬ್ಬ, ಇರಲಿಲ್ಲ. ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ.

"2000 ವ್ಯಾಟ್ ಐತ್ರೀ ಸರ. ನಿಮ್ಮ ಮಷೀನ್ ಏನು, ಇಡೀ ಓಣಿ ನಡೀತೈತಿ" ಅಂದ ಅಂಗಡಿಯವ. 4,500 ರೂಪಾಯಿ ಕೊಟ್ಟೆ. ಎಸ್9ಗೆ ಆರು ಪಿನ್ನಿನ ಕನೆಕ್ಟರ್ ಹತ್ತು ಬೇಕು. ಲೆಕ್ಕ ಹಾಕೋ ಚಿಪ್ ಇರೋ ಮೂರು ಹ್ಯಾಶ್ ಬೋರ್ಡಿಗೆ ಮೂರು ಮೂರು, ಕಂಟ್ರೋಲ್ ಬೋರ್ಡಿಗೆ ಒಂದು. ಇದರಲ್ಲಿ ಇದ್ದದ್ದು ಆರೇ. ಉಳಿದದ್ದಕ್ಕೆ ಸ್ಪ್ಲಿಟರ್ ಕೊಟ್ಟ, ಒಂದು ಕನೆಕ್ಟರನ್ನ ಎರಡು ಮಾಡೋ ವೈರು. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು, ಅಲ್ವಾ?

ಮನೇಲಿ ಹಚ್ಚಿ ಹತ್ತು ನಿಮಿಷ ಆಗಿಲ್ಲ, ಅಡುಗೆಮನೆಯಿಂದ ಅವ್ವ "ಏನೋ ಸುಟ್ಟ ವಾಸನಿ ಬರಾಕತ್ತೈತಿ, ನೋಡಪಾ" ಅಂದಳು. ಸ್ಪ್ಲಿಟರ್‌ನ ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಒಂದು ಹ್ಯಾಶ್ ಬೋರ್ಡ್ ಸತ್ತೇ ಹೋಯ್ತು.

ಆಮೇಲೆ ಸ್ಟಿಕ್ಕರ್ ಓದಿದೆ. ಆಮೇಲೆ! ಮೇಲೆ ದಪ್ಪ ಅಕ್ಷರದಲ್ಲಿ 2000. ಕೆಳಗೆ ಇರುವೆ ಸಾಲಿನಂಥ ಪಟ್ಟಿಯಲ್ಲಿ 12 ವೋಲ್ಟಿಗೆ 62 ಆಂಪ್. ಗುಣಿಸಿದರೆ 744 ವ್ಯಾಟ್. ಎಸ್9 ಎಳೆಯೋದು ಸುಮಾರು 1350 ವ್ಯಾಟ್, ಎಲ್ಲಾ 12 ವೋಲ್ಟಿನಲ್ಲೇ. ಅಂದ್ರೆ 112 ಆಂಪಿಗೂ ಜಾಸ್ತಿ. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು. ಯಾರ ಮುಂದೆ ಹೇಳಲಿ ಇದನ್ನ?

ಮರುದಿನ ಸುಟ್ಟದ್ದನ್ನ ಒಯ್ದು ಕೌಂಟರ್ ಮೇಲೆ ಇಟ್ಟೆ.

"ಅಷ್ಟು ಲೋಡ್ ಹಾಕಬಾರದಿತ್ರೀ."

ಲೋಡ್ ಹಾಕಬಾರದಂತೆ. ಪವರ್ ಸಪ್ಲೈಗೆ! ಮತ್ತೇನು ಪೂಜೆ ಮಾಡಬೇಕಿತ್ತಾ? ವಾರಂಟಿ ಕೇಳಿದೆ. "ಸುಟ್ಟದ್ದಕ್ಕ ವಾರಂಟಿ ಇರಂಗಿಲ್ರೀ." ಸುಡದೇ ಇದ್ದದ್ದನ್ನ ಯಾರು ವಾಪಸ್ ತರ್ತಾರೆ? ಕೊನೆಗೆ ಏನಂದ ಗೊತ್ತಾ? "ಇನ್ನೊಂದು ತಗೊಳ್ರೀ, ಎರಡೂ ಕೂಡಿಸಿ ಹಚ್ಚಿದ್ರ ಆತು." ಒಂದೇ ಹ್ಯಾಶ್ ಬೋರ್ಡಿಗೆ ಎರಡು ಸಪ್ಲೈ ಕೊಡಬಾರದು, ಉಳಿದದ್ದೂ ಸುಡಬಹುದು. ಅವನಿಗೇನು, ಇನ್ನೊಂದು 4,500.

ನೀವು ತಗೊಳ್ಳೋದಾದ್ರೆ ವ್ಯಾಟ್ ಬಿಡಿ, 12 ವೋಲ್ಟಿನ ಆಂಪ್ ನೋಡಿ. ಸ್ಪ್ಲಿಟರ್ ಕೊಟ್ಟರೆ ಎದ್ದು ಬನ್ನಿ. ಸೆಕೆಂಡ್ ಹ್ಯಾಂಡ್ ಆದರೂ ಎಸ್9 ಮಾಡಿದ ಕಂಪನಿಯದೇ ಪವರ್ ಸಪ್ಲೈ ಎಪಿಡಬ್ಲ್ಯೂ3 ಹುಡುಕಿ. ನಮ್ಮ 230 ವೋಲ್ಟಿನಲ್ಲಿ 1600 ವ್ಯಾಟ್ ಕೊಡುತ್ತೆ, ಹತ್ತೂ ಕನೆಕ್ಟರ್ ಅದರಲ್ಲೇ ಇರುತ್ತೆ. ಗೀಸರ್ ಹಾಕೋ 16 ಆಂಪ್ ಸಾಕೆಟ್ಟಿಗೇ ಹಾಕಿ.

ಮೊನ್ನೆ ಆ ಅಂಗಡಿ ಮುಂದೆ ಹಾದು ಬಂದೆ. ಅದೇ ಡಬ್ಬ, ಗಾಜಿನ ಹಿಂದೆ, ಎಲ್ಲಕ್ಕಿಂತ ಮುಂದೆ.