ಬಳ್ಳಾರಿಗೆ ಮೂರು ದಿನ, ಕೊಪ್ಪಳಕ್ಕೆ ಎರಡು, ರಾಯಚೂರಿಗೆ ಒಂದು

ಡಿಸೆಂಬರ್‌ನಲ್ಲಿ ಶಿರಸಿ ಕಡೆಯ ಹುಡುಗಿಯೊಬ್ಬಳು ಒಂದು ವಾರ ನಮ್ಮ ಮನೆಯಲ್ಲಿದ್ದಳು. ವಯಸ್ಸು ಹತ್ತೊಂಬತ್ತು. ನಾಟಕದ ಶಿಬಿರದಲ್ಲಿ ಪರಿಚಯವಾಗಿ ಸ್ನೇಹ ಬೆಳೆದಿತ್ತು. "ಅಕ್ಕಾ, ಹಂಪಿ ಸ್ಕೂಲ್ ಟೂರಿನಲ್ಲೇ ನೋಡಿದೀನಿ. ನಿಮ್ಮ ಊರು ತೋರಿಸಿ" ಅಂದಳು. ಹಂಪಿ ಬಿಟ್ಟು ಈ ಕಡೆ ಏನಿದೆ ಅಂತ ಕೇಳುವವರೇ ಜಾಸ್ತಿ. ಅವಳ ಮಾತು ನನಗೆ ತುಂಬಾ ಹಿಡಿಸಿತು. ಬಳ್ಳಾರಿಗೆ ಮೂರು ದಿನ, ಕೊಪ್ಪಳಕ್ಕೆ ಎರಡು, ರಾಯಚೂರಿಗೆ ಒಂದು ಅಂತ ಹಂಚಿದೆ. ಇನ್ನೊಂದು ದಿನ ಸುಮ್ನೆ ಮನೆಯಲ್ಲಿ ಹರಟೆ.

ಮೊದಲು ಬಳ್ಳಾರಿ. ಬಿಸಿಲು ಏರೋ ಮುಂಚೆ ಕೋಟೆ ಹತ್ತಿದೆವು. ಹೈದರಾಲಿ ಕಾಲದಲ್ಲಿ ಇದನ್ನು ಗಟ್ಟಿ ಮಾಡಿದ ಫ್ರೆಂಚ್ ಎಂಜಿನಿಯರ್ ಕಥೆ ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇದೆ. ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅನ್ನೋದನ್ನು ಅವನು ಗಮನಿಸಲಿಲ್ಲ, ಅದಕ್ಕೇ ಗಲ್ಲಿಗೇರಿಸಿದರಂತೆ. ಹುಡುಗಿ ಎರಡೂ ಗುಡ್ಡ ನೋಡಿ ನೋಡಿ ಲೆಕ್ಕ ಹಾಕಿದಳು. ಇಳಿದು ಬಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಕೋಟೆಗೆ ಇಷ್ಟು ಸಾಕು.

ಬಳ್ಳಾರಿಯ ನಿಜವಾದ ಸಂಪತ್ತು ಶಿಲಾಯುಗದ ಜನ ಬಾಳಿದ ಸಂಗನಕಲ್ಲು, ಕಪ್ಗಲ್ಲು ಗುಡ್ಡಗಳು. ಆದರೆ ಹೋಗೋ ಕ್ರಮ ಮುಖ್ಯ. ಎರಡು ವರ್ಷದ ಹಿಂದೆ ಅಣ್ಣನ ಮಗನನ್ನು ನೇರ ಗುಡ್ಡಕ್ಕೇ ಕರೆದೊಯ್ದಿದ್ದೆ. "ಬರೀ ಬಂಡೆ ಅಲ್ವಾ ಅತ್ತೆ" ಅಂದುಬಿಟ್ಟ. ಈ ಸಲ ಮೊದಲು ನಗರದ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಕಲ್ಲಿನ ಕೊಡಲಿಗಳನ್ನು ನೋಡಿದ ಮೇಲೆ ಗುಡ್ಡಕ್ಕೆ ಹೋದಾಗ, ಕಪ್ಪು ಕಲ್ಲಿನ ಚೂರೊಂದನ್ನು ಅವಳೇ ಗುರುತು ಹಿಡಿದಳು. ಕೊಡಲಿ ಮಾಡುವಾಗ ಸಿಡಿದ ಚಕ್ಕೆ! ಅಂಗೈಯಲ್ಲಿಟ್ಟು ನೋಡಿ, ಎತ್ತಿದ ಜಾಗದಲ್ಲೇ ವಾಪಸ್ ಇಟ್ಟಳು. ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳಲ್ಲಿ ಸಣ್ಣ ಕುಳಿಗಳಿವೆ, ತಟ್ಟಿದರೆ ಗಂಟೆಯಂಥ ನಾದ. ಸುತ್ತಮುತ್ತ ಕಲ್ಲುಗಣಿ ತಿಂದು ಹಾಕಿರೋದನ್ನು ಕಂಡರೆ ಹೊಟ್ಟೆ ಉರಿಯುತ್ತೆ. ಸಾವಿರಾರು ವರ್ಷ ಉಳಿದು ಬಂದದ್ದು ನಮ್ಮ ಕಾಲದಲ್ಲಿ ಹೋಗಬಾರದು.

ಸಂಜೆಗಳಲ್ಲೂ ಎರಡು ಥರ ನೋಡಿದೆವು. ನೋಡಬೇಕೆಂದಿದ್ದ ನಾಟಕ ಕೊನೆ ಗಳಿಗೆಯಲ್ಲಿ ರದ್ದಾಯ್ತು, ಸಿನಿಮಾಕ್ಕೆ ಹೋದೆವು. ಚೆನ್ನಾಗೇ ಇತ್ತು, ಆದರೆ ಅದು ಶಿರಸಿಯಲ್ಲೂ ಸಿಗುತ್ತಲ್ಲ. ಮರುದಿನ ಹವ್ಯಾಸಿಗಳ ನಾಟಕವೊಂದು ಸಿಕ್ಕಿತು. ನಟ ಬಳ್ಳಾರಿ ರಾಘವರು ಓಡಾಡಿದ ಊರು ಇದು. ವಕೀಲಿಕೆ ಮಾಡುತ್ತಲೇ ಕನ್ನಡ, ತೆಲುಗು ಎರಡೂ ರಂಗದಲ್ಲಿ ಹೆಸರು ಮಾಡಿದವರು. ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಿದ್ದ ಕಲಾವಿದರ ಜೊತೆ ಅವಳು ಅರ್ಧ ಗಂಟೆ ಮಾತಾಡಿದಳು. ಸಂಜೆಗೆ ಬಳ್ಳಾರಿಯೇ ಸರಿ.

ಹಗಲಿಗೆ ಮಾತ್ರ ಕೊಪ್ಪಳ ಎಲ್ಲಕ್ಕಿಂತ ಮೇಲು. ಬಳ್ಳಾರಿಯಿಂದ ರೈಲಿನಲ್ಲಿ ಸಲೀಸು. ಒಂದು ದಿನ ಗವಿಮಠ, ಅಶೋಕನ ಶಾಸನ, ಪಾಲ್ಕಿಗುಂಡು. ಇನ್ನೊಂದು ದಿನ ಪೂರ್ತಿ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ. ಇಟಗಿಯ ಮಹಾದೇವ ದೇವಾಲಯವೂ ನನ್ನ ಪಟ್ಟಿಯಲ್ಲಿತ್ತು. 1112ರಲ್ಲಿ ಕಟ್ಟಿದ್ದು, ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ಆದರೆ ಕಿನ್ನಾಳದಿಂದ ಅವಳು ಏಳಲೇ ಇಲ್ಲ.

ಚಿತ್ರಗಾರರ ಮನೆಯ ಕಟ್ಟೆ ಮೇಲೆ ಒಬ್ಬ ಹಿರಿಯರು ಹಗುರ ಮರದ ಹಸುವಿಗೆ ಕಾಲು ಕೂಡಿಸುತ್ತಿದ್ದರು. ಹುಣಸೆಬೀಜದ ಅಂಟು ಬೆರೆಸಿದ, ಕಿಟ್ಟ ಅನ್ನೋ ಮೆತ್ತನೆ ಮಿಶ್ರಣವನ್ನು ಹೆಬ್ಬೆರಳಲ್ಲಿ ಸಂದಿಗೆ ಒತ್ತೋದು, ಒದ್ದೆ ಬೆರಳಲ್ಲಿ ಸವರೋದು. ಸಂದಿ ಎಲ್ಲಿತ್ತು ಅಂತಲೇ ಗೊತ್ತಾಗದಂತೆ ಮುಚ್ಚಿ ಹೋಗುತ್ತಿತ್ತು. "ನೀನೂ ಹಚ್ಚಿ ನೋಡವಾ" ಅಂದರು. ಅವಳು ಹಚ್ಚಿದ್ದು ಉಬ್ಬಿ ನಿಂತಿತು. ಅವರು ಏನೂ ಅನ್ನಲಿಲ್ಲ. ಅವಳ ಬೆರಳು ಹಿಡಿದು ಇನ್ನೊಮ್ಮೆ ಸವರಿಸಿದರು. ಮೂರನೇ ಕಾಲಿಗೆ ಅವಳ ಕೈ ಕೂತಿತು.

ಹಿಂದೊಮ್ಮೆ ದಾರಿಬದಿ ಅಂಗಡಿಯೊಂದರಲ್ಲಿ ಕಿನ್ನಾಳದ್ದೇ ಅಂತ ನಂಬಿ ನಾನು ಕೊಂಡ ಗೊಂಬೆ ಅಚ್ಚಿನ ಮಾಲಾಗಿತ್ತು. ಕೊಳ್ಳೋದಾದರೆ ಊರಿಗೇ ಹೋಗಿ, ಮಾಡಿದವರ ಕೈಯಿಂದಲೇ ತಗೊಳ್ಳಿ.

ರಾಯಚೂರಿಗೆ ನಾನು ಅನ್ಯಾಯ ಮಾಡಿದೆ. ಒಂದೇ ದಿನದಲ್ಲಿ ಹೋಗಿ ಬರೋಣ ಅಂತ ಹೊರಟು, ತಲುಪುವಾಗ ನಡು ಮಧ್ಯಾಹ್ನ. 1513ರ ಏಕ್ ಮಿನಾರ್ ಮಸೀದಿಯನ್ನು ಕಣ್ಣು ಕಿರಿದು ಮಾಡಿಕೊಂಡೇ ನೋಡಿದೆವು. ಕೋಟೆ ಗೋಡೆಯ ಮುಂದೆ ಮಾತ್ರ ಅವಳ ದಣಿವೆಲ್ಲ ಹೋಯ್ತು. 1294ರ ಶಾಸನವಿರುವ ಆ ಒಂದೇ ಕಲ್ಲು ಸುಮಾರು 41 ಅಡಿ ಉದ್ದ. ಅದನ್ನು ತಂದ ಬಗೆಯನ್ನೂ ಅಲ್ಲೇ ಗೀರಿದ್ದಾರೆ. ಬಂಡಿಗೆ ಸಾಲು ಕೋಣಗಳು, ಹುರಿದುಂಬಿಸುವ ಜನ, ಹಿಂದಿನಿಂದ ಗಾಲಿಗೆ ಸನ್ನೆಗೋಲು ಹಾಕುವವರು. ಬೆರಳಲ್ಲಿ ಗಾಳಿಯಲ್ಲೇ ಗೆರೆ ಹಿಂಬಾಲಿಸುತ್ತಾ ಕೋಣ ಎಣಿಸತೊಡಗಿದಳು. ಎಣಿಕೆ ಮುಗಿಯೋ ಮುಂಚೆ ನಾನು ಬಸ್ಸಿಗೆ ಅವಸರ ಮಾಡಿದೆ. ರಾಯಚೂರಲ್ಲಿ ಒಂದು ರಾತ್ರಿ ಉಳಿಯಲೇಬೇಕು.

ಮತ್ತೆ ಹಂಚೋದಾದರೆ ಎರಡು, ಮೂರು, ಎರಡು ಅಂತ ಹಂಚುತ್ತೇನೆ. ಮೂರು ಕೊಪ್ಪಳಕ್ಕೆ. ಹುಡುಗಿ ಕಾರಹುಣ್ಣಿಮೆಗೆ ಮತ್ತೆ ಬರ್ತೀನಿ ಅಂದಿದ್ದಾಳೆ. ಆಗ ರಾಯಚೂರಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯೋ ಸ್ಪರ್ಧೆ ನಡೆಯುತ್ತೆ. ಬೆಳಿಗ್ಗೆ ಕೋಟೆ ಗೋಡೆಯ ಮುಂದೆ ಉಳಿದ ಕೋಣಗಳನ್ನು ಎಣಿಸಿ, ಆಮೇಲೆ ಸ್ಪರ್ಧೆಗೆ ಹೋಗೋಣ ಅಂತ ಮಾತಾಗಿದೆ.