ಕಿಸಾನ್ ವಿಕಾಸ ಪತ್ರ: ಒಂದು ಸಲ ಡಬಲ್ ಆದ ಮೇಲೆ ನನ್ನ ಅಭಿಪ್ರಾಯ

2015ರ ಜನವರಿಯಲ್ಲಿ ಪೋಸ್ಟ್ ಆಫೀಸಿನಲ್ಲಿ ಒಂದು ಲಕ್ಷ ರೂಪಾಯಿಗೆ ಕಿಸಾನ್ ವಿಕಾಸ ಪತ್ರ (ಹಾಕಿದ ದುಡ್ಡು ಗೊತ್ತಾದ ಅವಧಿಗೆ ಡಬಲ್ ಆಗುವ ಸರ್ಕಾರಿ ಉಳಿತಾಯ ಯೋಜನೆ) ತೆಗೆದುಕೊಂಡೆ. ಅಡಿಕೆ ಮಾರಿದ ದುಡ್ಡಿನಲ್ಲಿ ಖರ್ಚೆಲ್ಲ ಕಳೆದು ಉಳಿದದ್ದು. ಆಗ ಬಡ್ಡಿ 8.7%, 100 ತಿಂಗಳಿಗೆ ಡಬಲ್. 2023ರ ಮೇ ತಿಂಗಳಲ್ಲಿ ಎರಡು ಲಕ್ಷ ಕೈಗೆ ಬಂತು. ಅಷ್ಟನ್ನೂ ಮತ್ತೆ ಅದರಲ್ಲೇ ಹಾಕಿದೆ. ಈ ಸಲ 7.5%, 115 ತಿಂಗಳು. 2032ರ ಡಿಸೆಂಬರ್‌ಗೆ ನಾಲ್ಕು ಲಕ್ಷ ಆಗುತ್ತದೆ.

ನನಗೆ ಇದು ತುಂಬಾ ಇಷ್ಟವಾಗಿದೆ. ಆದರೆ ಯಾಕೆ ಅಂತ ಅರ್ಥವಾಗಬೇಕಾದರೆ ದುಡ್ಡು ಯಾವಾಗ ಬೆಳೆಯುತ್ತದೆ ಅನ್ನುವುದನ್ನು ನೋಡಬೇಕು. ಪತ್ರದ ಮೇಲೆ ವರ್ಷ ವರ್ಷದ ಬಡ್ಡಿ ಯಾರೂ ಬರೆದುಕೊಡುವುದಿಲ್ಲ. ಹಾಗಾಗಿ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಇಟ್ಟಿದ್ದೆ. ಮೊದಲ ವರ್ಷದ ಬಡ್ಡಿ 8,700. ಎರಡನೇ ವರ್ಷ ಆ ಬಡ್ಡಿಯೂ ಅಸಲಿಗೆ ಸೇರಿದ್ದರಿಂದ 9,457. ಇದೇನು ಮಹಾ ಅನ್ನಿಸುತ್ತದೆ, ಅಲ್ವಾ? ಎಂಟನೇ ವರ್ಷಕ್ಕೆ ಬನ್ನಿ: ಆ ಒಂದು ವರ್ಷದ್ದೇ ಸುಮಾರು 15,600. ನಾನು ಹೊಸದಾಗಿ ಒಂದು ರೂಪಾಯಿ ಹಾಕಿಲ್ಲ, ದರವೂ ಬದಲಾಗಿಲ್ಲ. ಮೊದಲ 50 ತಿಂಗಳಲ್ಲಿ ಸೇರಿದ್ದು ಸುಮಾರು 41 ಸಾವಿರ, ಉಳಿದ 50 ತಿಂಗಳಲ್ಲಿ ಸುಮಾರು 59 ಸಾವಿರ. ಇದೇ ದರಕ್ಕೆ ಬರೀ ಸರಳ ಬಡ್ಡಿ ಆಗಿದ್ದರೆ 100 ತಿಂಗಳಿಗೆ 72,500 ಸಿಗುತ್ತಿತ್ತು. ಬಡ್ಡಿಗೆ ಬಡ್ಡಿ ಬಂದದ್ದೇ 27 ಸಾವಿರದ ಮೇಲೆ.

ಅದಕ್ಕೇ ಇದನ್ನು ಮಧ್ಯದಲ್ಲಿ ಮುರಿಸಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಎರಡೂವರೆ ವರ್ಷ ಆದ ಮೇಲೆ ತೆಗೆಯಲು ಅವಕಾಶ ಇದೆ, ನಿಜ. ಆದರೆ ಅವಧಿಗೆ ಮೊದಲು ತೆಗೆದರೆ ಪೂರ್ತಿ ದರ ಸಿಗುವುದಿಲ್ಲ. ಜೊತೆಗೆ ಜಾಸ್ತಿ ಬೆಳೆಯುವ ಕೊನೆಯ ವರ್ಷಗಳೇ ಕೈತಪ್ಪುತ್ತವೆ. ಸ್ವಲ್ಪವೇ ಬೇಕು ಅಂದರೂ ಅರ್ಧ ಮಾತ್ರ ತೆಗೆಯಲು ಬರುವುದಿಲ್ಲ, ಆ ಖಾತೆಯನ್ನೇ ಮುಚ್ಚಬೇಕು. ಒಂದೇ ದೊಡ್ಡ ಮೊತ್ತದ ಬದಲು ಮೂರು ನಾಲ್ಕು ಖಾತೆ ಮಾಡಿಸಿ. ತುರ್ತು ಬಂದರೆ ಒಂದನ್ನು ಮುರಿಸಿ ಉಳಿದದ್ದನ್ನು ಬೆಳೆಯಲು ಬಿಡಬಹುದು. ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಲೂ ಬರುತ್ತದೆ.

ಎಷ್ಟು ವರ್ಷಕ್ಕೆ ಡಬಲ್ ಅಂತ ಬಾಯಲ್ಲೇ ಲೆಕ್ಕ ಹಾಕಬೇಕೆಂದರೆ 72ನ್ನು ಬಡ್ಡಿ ದರದಿಂದ ಭಾಗಿಸಿ. 72 ಭಾಗಿಸು 7.5 ಅಂದರೆ 9.6 ವರ್ಷ, ಅಂದರೆ ಸರಿಸುಮಾರು 115 ತಿಂಗಳು. ಬ್ಯಾಂಕಿನ ಎಫ್‌ಡಿಗೂ ಇದೇ ಲೆಕ್ಕ ನಡೆಯುತ್ತದೆ. 1988ರಲ್ಲಿ ಈ ಯೋಜನೆ ಶುರುವಾದಾಗ ಐದೂವರೆ ವರ್ಷಕ್ಕೇ ಡಬಲ್ ಆಗುತ್ತಿತ್ತು. ಆ ಕಾಲ ನೋಡಿದ ಹಿರಿಯರು ಈಗಿನ ದರ ಕೇಳಿ ಮೂಗು ಮುರಿಯುವುದು ಸಹಜ.

ನನಗೆ ಹಿಡಿಸಿದ ಇನ್ನೊಂದು ಗುಣ, ತೆಗೆದುಕೊಂಡ ದಿನದ ದರ ಕೊನೆಯವರೆಗೂ ಗಟ್ಟಿ. 2020ರ ಏಪ್ರಿಲ್‌ನಲ್ಲಿ ಹೊಸಬರಿಗೆ 6.9% ಆಯಿತು, ಡಬಲ್ ಆಗಲು 124 ತಿಂಗಳು. ನನ್ನ ಹಳೆಯ ಪತ್ರಕ್ಕೆ ಆಗಲೂ 8.7% ಓಡುತ್ತಿತ್ತು.

ಇನ್ನು ಕೊರತೆಗಳು. ದೊಡ್ಡದು ತೆರಿಗೆ. ಹೂಡಿದ ದುಡ್ಡಿಗೆ ಸಿಗುವ 80ಸಿ ತೆರಿಗೆ ವಿನಾಯಿತಿ ಇದಕ್ಕಿಲ್ಲ, ಬಡ್ಡಿ ಪೂರ್ತಿ ಆದಾಯಕ್ಕೆ ಸೇರುತ್ತದೆ. ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ, ಹಾಗಂತ ತೆರಿಗೆ ಇಲ್ಲ ಅಂದುಕೊಳ್ಳಬೇಡಿ. ನಾನು ವರ್ಷ ವರ್ಷದ ಬಡ್ಡಿಯನ್ನು ಆಯಾ ವರ್ಷದ ರಿಟರ್ನ್‌ನಲ್ಲೇ ತೋರಿಸುತ್ತಾ ಬಂದೆ. ಇಲ್ಲದಿದ್ದರೆ ಒಂದು ಲಕ್ಷವೂ ಒಂದೇ ವರ್ಷದ ಲೆಕ್ಕಕ್ಕೆ ಬಂದು ಬೀಳುತ್ತಿತ್ತು. ನಿಮಗೆ ಯಾವುದು ಸರಿ ಅಂತ ಮೊದಲೇ ಆಡಿಟರ್ ಹತ್ತಿರ ಕೇಳಿ.

ಎರಡನೆಯದು ಬೆಲೆ ಏರಿಕೆ. ವರ್ಷಕ್ಕೆ 5% ಏರಿದರೂ ಒಂದು ಲಕ್ಷದ ಸಾಮಾನು 100 ತಿಂಗಳಲ್ಲಿ ಒಂದೂವರೆ ಲಕ್ಷ ಆಗುತ್ತದೆ. ಅದೂ ಚಕ್ರಬಡ್ಡಿಯ ಹಾಗೇ ಏರುವುದು. ಹಾಗಾಗಿ ದುಡ್ಡು ಡಬಲ್ ಆದರೂ ಕೊಳ್ಳುವ ಶಕ್ತಿ ಡಬಲ್ ಆಗುವುದಿಲ್ಲ. ಇರುವುದನ್ನೆಲ್ಲ ಇದರಲ್ಲೇ ಹಾಕಬೇಡಿ ಅನ್ನುವುದು ಇದಕ್ಕೇ. ಐದು ವರ್ಷ ಸಾಕು ಅನ್ನುವವರು, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರು ಅದೇ ಕೌಂಟರಿನಲ್ಲಿ ಸಿಗುವ ಎನ್ಎಸ್‌ಸಿ (ರಾಷ್ಟ್ರೀಯ ಉಳಿತಾಯ ಪತ್ರ) ನೋಡಿ, ಅದಕ್ಕೆ 80ಸಿ ಇದೆ.

ಹೆಸರಿನಲ್ಲಿ ಕಿಸಾನ್ ಇದ್ದರೂ ರೈತರೇ ಆಗಬೇಕಿಲ್ಲ, ದೇಶದಲ್ಲಿ ವಾಸವಿರುವ ಯಾರಾದರೂ ಸಾವಿರ ರೂಪಾಯಿಯಿಂದ ಶುರು ಮಾಡಬಹುದು. ಹೊರದೇಶದಲ್ಲಿ ನೆಲೆಸಿರುವ ಎನ್‌ಆರ್‌ಐಗಳಿಗೆ ಇಲ್ಲ. ನಾಮಿನಿ ಹೆಸರು ಅದೇ ದಿನ ಬರೆಸಿ. ಅವಧಿ ಮುಗಿಯುವ ತಾರೀಖನ್ನು ಮನೆಯವರಿಗೂ ಹೇಳಿಡಿ, ಯಾಕೆಂದರೆ ಇದು ಎಫ್‌ಡಿ ಹಾಗೆ ತಾನಾಗಿ ಮುಂದುವರಿಯುವುದಿಲ್ಲ. ನಾವೇ ಹೋಗಿ ಬಿಡಿಸಿಕೊಂಡು ಮತ್ತೆ ಹಾಕಬೇಕು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಹಣ ಕಟ್ಟುವ ದಿನ ಎಷ್ಟಿದೆ ಅಂತ ಕೌಂಟರಿನಲ್ಲಿ ಕೇಳಿಯೇ ಫಾರಂ ತುಂಬಿ.