ಹತ್ತಂಕಿಯ ಸಂಖ್ಯೆ ಮತ್ತು ಕ್ಯಾಲ್ಕುಲೇಟರಿನ ಬ್ರಾಕೆಟ್

ಮಗಳು ಇಂಜಿನಿಯರಿಂಗ್ ಸೇರಿದಾಗ ಕೊಡಿಸಿದ ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್ ಕ್ಯಾಲ್ಕುಲೇಟರ್ ಈಗ ಅವಳಿಗಿಂತ ಜಾಸ್ತಿ ನನ್ನ ಕೈಯಲ್ಲೇ ಇರುತ್ತದೆ. ಮ್ಯಾಟ್ರಿಕ್ಸ್, ಇಂಟಿಗ್ರೇಶನ್ ಬಗ್ಗೆ ಎಲ್ಲರೂ ಬರೆದಾಗಿದೆ. ನಾನು ಹೇಳುವುದು ಫ್ಯಾಕ್ಟ್ ಎಂಬ ಒಂದೇ ಕೀ ವಿಷಯ. ಶಿಫ್ಟ್ ಒತ್ತಿ ಇದನ್ನು ಒತ್ತಿದರೆ, ಪರದೆ ಮೇಲಿನ ಪೂರ್ಣಸಂಖ್ಯೆ ಅವಿಭಾಜ್ಯಗಳಾಗಿ ಒಡೆಯುತ್ತದೆ. ಹತ್ತಂಕಿಯವರೆಗೆ ಮಾತ್ರ.

ಹತ್ತಂಕಿ ಅಂದಮೇಲೆ ನಾನು ಕೊಟ್ಟಿದ್ದು 4294967297. ಎರಡರ 32ನೇ ಘಾತಕ್ಕೆ ಒಂದು ಸೇರಿಸಿದರೆ ಸಿಗುವ ಸಂಖ್ಯೆ. ಹೀಗೇ ಎರಡರ 1, 2, 4, 8, 16ನೇ ಘಾತಗಳಿಗೆ ಒಂದು ಸೇರಿಸಿದರೆ ಸಿಗುವ 3, 5, 17, 257, 65537 ಆದಮೇಲೆ ಬರುವುದೇ ಇದು. ಆ ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು 1640ರ ಹೊತ್ತಿಗೆ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ 4294967297 ಅನ್ನು 641ರಿಂದ ಭಾಗಿಸಿ ತೋರಿಸಿದ. ಇದರ ಯಾವ ಅವಿಭಾಜ್ಯ ಭಾಜಕವೂ 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು ಎಂಬ ನಿಯಮವನ್ನೂ ಆಮೇಲೆ ಅವನೇ ಸಾಧಿಸಿದ. ಆ ನಿಯಮ ಹಿಡಿದು ಹೋದರೆ 193, 257, 449, 577 ನೋಡಿ ಬಿಟ್ಟರೆ ಮುಂದಿನದೇ 641. ಕಾಗದ ಪೆನ್ನಿನಲ್ಲಿ ಸಂಜೆಯೊಳಗೆ ಮುಗಿಯುವ ಕೆಲಸ ಅಲ್ವಾ?

ಕ್ಯಾಲ್ಕುಲೇಟರ್ ಕೊಟ್ಟ ಉತ್ತರ: 641×(6700417).

ಆ ಬ್ರಾಕೆಟ್ ನೋಡಿ. ಮೂರಂಕಿವರೆಗಿನ ಅವಿಭಾಜ್ಯಗಳಿಂದ ಒಡೆದು, ಉಳಿದದ್ದು 1009ರ ವರ್ಗ 1018081 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಯಂತ್ರ ಅಲ್ಲಿಗೇ ಕೈ ಚೆಲ್ಲುತ್ತದೆ. ಒಳಗಿರುವುದು ಅವಿಭಾಜ್ಯವೋ ಅಲ್ಲವೋ ಹೇಳುವುದಿಲ್ಲ. 4104676 ಕೊಟ್ಟರೆ 1026169 ಕೂಡ ಹೀಗೇ ಬ್ರಾಕೆಟ್ಟಿನಲ್ಲಿ ಬರುತ್ತದೆ, ಆದರೆ ಅದು 1013ರ ವರ್ಗ! ಕೈಪಿಡಿಯಲ್ಲಿ ಈ ಮಿತಿ ಹೇಳಿದ್ದಾರೆ. ಕೈಪಿಡಿ ಓದುವವರು ಯಾರು, ಅದು ಬೇರೆ ಮಾತು.

ನನಗಂತೂ ಇದೇ ಇಷ್ಟವಾಯಿತು. ಉಳಿದ ಲೆಕ್ಕ ನಾವೇ ಮಾಡಬಹುದು. 6700417ರ ವರ್ಗಮೂಲ 2588 ಚಿಲ್ಲರೆ; ಅದು ಒಡೆಯುವುದಾದರೆ ಅಷ್ಟರೊಳಗೇ ಒಂದು ಅವಿಭಾಜ್ಯ ಭಾಜಕ ಸಿಗಬೇಕು. ಸಾವಿರದೊಳಗಿನದನ್ನು ಯಂತ್ರ ನೋಡಿಯಾಯಿತು. 1878ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ ಆಯ್ಲರನ ನಿಯಮವನ್ನು ಇನ್ನೂ ಬಿಗಿ ಮಾಡಿದ: 64 ಅಲ್ಲ, 128ರ ಗುಣಕಕ್ಕಿಂತ ಒಂದು ಹೆಚ್ಚು. ಸಾವಿರದಿಂದ 2588ರವರೆಗೆ ಅಂಥ ಅವಿಭಾಜ್ಯಗಳು ಎರಡೇ, 1153 ಮತ್ತು 1409. ಮೊದಲನೆಯದರಿಂದ ಭಾಗಿಸಿದರೆ ಶೇಷ 334, ಎರಡನೆಯದರಿಂದ 622. ಮುಗಿಯಿತು, 6700417 ಅವಿಭಾಜ್ಯವೇ.

ಬರೀ ಅಪವರ್ತನಕ್ಕೆ ಅಂತ ಇದನ್ನು ಕೊಳ್ಳಬೇಡಿ. ಆ ಕೆಲಸಕ್ಕೆ ಲಿನಕ್ಸ್ ಇರುವ ಯಾವ ಕಂಪ್ಯೂಟರಾದರೂ ಸಾಕು. ಅದು ಈ ಸಾಲಿನ ಮುಂದಿನ ಇಪ್ಪತ್ತಂಕಿ ಸಂಖ್ಯೆಯನ್ನೂ ಒಡೆಯುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದು ಹೇಗೂ ಕೊಳ್ಳುವವರಿದ್ದರೆ, ಫ್ಯಾಕ್ಟ್ ಕೀ ಒತ್ತಿ ನೋಡಿ. ಬ್ರಾಕೆಟ್ ಬಂತೆಂದರೆ ಒಂದು ಪೆನ್ಸಿಲ್ ತೆಗೆದುಕೊಳ್ಳಿ.